ಕಾಬೂಲಿನಿಂದ ಹೊರಟವರು, ಕಾಬೂಲಿನಲ್ಲಿ ಉಳಿದವರು

1842ರ ಅಕ್ಟೋಬರ್ 1ರ ತಾರೀಖು ಹಾಕಿ ಸಿಮ್ಲಾದಿಂದ ಒಂದು ಘೋಷಣೆ ಹೊರಟಿತು. ಅಫ್ಘಾನಿಸ್ತಾನದಲ್ಲಿರುವ ನಮ್ಮ ಸೇನೆ ಹಿಂದಕ್ಕೆ ಬರುತ್ತದೆ, ಅಲ್ಲಿನ ಜನ ತಮ್ಮ ಸರ್ಕಾರವನ್ನು ತಾವೇ ಕಟ್ಟಿಕೊಳ್ಳಲಿ ಎಂದು ಗವರ್ನರ್ ಜನರಲ್ ಎಲೆನ್‌ಬರೋ ಅದರಲ್ಲಿ ಸಾರಿದ್ದ. ಆ ತಾರೀಖು ಆಕಸ್ಮಿಕವಾಗಿ ಬಂದದ್ದಲ್ಲ. ಸರಿಯಾಗಿ 4 ವರ್ಷ ಹಿಂದೆ, 1838ರ ಅಕ್ಟೋಬರ್ 1ರಂದು, ಅದೇ ಸಿಮ್ಲಾದಿಂದ, ಅವನ ಹಿಂದಿನ ಗವರ್ನರ್ ಜನರಲ್ ಆಕ್ಲೆಂಡ್ ಯುದ್ಧದ ಘೋಷಣೆ ಹೊರಡಿಸಿದ್ದ. ಈ ಪಾಪದ ಗಂಟು ಆಕ್ಲೆಂಡನದು, ನನ್ನದಲ್ಲ ಎಂಬುದನ್ನು ಎಲೆನ್‌ಬರೋ ಒಂದು ತಾರೀಖಿನಲ್ಲೇ ಹೇಳಿಬಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಅಫ್ಘಾನಿಸ್ತಾನದಲ್ಲಿ ಈಗ ಅರಾಜಕತೆ ಇದ್ದರೆ ಅದು ಅಫ್ಘನ್ನರೇ ಮಾಡಿದ ಅಪರಾಧಗಳ ಫಲ ಎಂದೂ ಸೇರಿಸಿದ.

ಈ ಹಳೆಯ ಕಾಗದ ನನಗೆ ನೆನಪಾದದ್ದು 2023ರ ಏಪ್ರಿಲ್‌ನಲ್ಲಿ, ಅಮೆರಿಕದ ಶ್ವೇತಭವನ 12 ಪುಟಗಳ ಒಂದು ಟಿಪ್ಪಣಿ ಬಿಡುಗಡೆ ಮಾಡಿದಾಗ. 2021ರ ಆಗಸ್ಟ್‌ನಲ್ಲಿ ಕಾಬೂಲಿನಿಂದ ಸೇನೆ ಹೊರಟ ರೀತಿಯ ಬಗ್ಗೆ ಸರ್ಕಾರವೇ ಕೊಟ್ಟ ಸಮಜಾಯಿಷಿ ಅದು. ಅದರ ಸಾರ ಇಷ್ಟೇ: ಬೈಡನ್ ಅವರ ಮುಂದಿದ್ದ ದಾರಿಗಳೆಲ್ಲ ಹಿಂದಿನ ಅಧ್ಯಕ್ಷ ಟ್ರಂಪ್ ಮಾಡಿಟ್ಟ ಪರಿಸ್ಥಿತಿಯಿಂದ ಕಟ್ಟಿಹೋಗಿದ್ದವು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಎರಡು ತಿಂಗಳು ಇರುವಾಗ, ಕೆಳಮನೆಯ ವಿದೇಶಾಂಗ ಸಮಿತಿಯ ರಿಪಬ್ಲಿಕನ್ನರು ತಮ್ಮ ದಪ್ಪ ವರದಿ ತಂದರು. ಅದರಲ್ಲಿ ತಪ್ಪೆಲ್ಲ ಬೈಡನ್ ಅವರದು. ಅದೇ ಸಮಿತಿಯ ಡೆಮಾಕ್ರಟರು ಅದಕ್ಕೆ ಬೇರೆಯೇ ಉತ್ತರ ಬರೆದರು.

ಈ ವರದಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಜಗಳ ಇರುವುದು ಕಥೆ ಯಾವ ದಿನ ಶುರುವಾಯಿತು ಎಂಬುದರ ಮೇಲೆ. 2020ರ ಫೆಬ್ರವರಿ 29ರಂದು ಶುರುವಾಯಿತು ಎಂದರೆ ತಪ್ಪು ಟ್ರಂಪ್ ಅವರದು. ದೋಹಾದಲ್ಲಿ ಅವರ ಪ್ರತಿನಿಧಿ ಜಲ್ಮಯ್ ಖಲೀಲ್‌ಜಾದ್ ತಾಲಿಬಾನಿನ ಮುಲ್ಲಾ ಬರಾದರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ದಿನ ಅದು. 2021ರ ಏಪ್ರಿಲ್ 14ರಂದು ಶುರುವಾಯಿತು ಎಂದರೆ ತಪ್ಪು ಬೈಡನ್ ಅವರದು. ಸೆಪ್ಟೆಂಬರ್ 11ರೊಳಗೆ ಎಲ್ಲರೂ ಹೊರಡುತ್ತೇವೆ ಎಂದು ಅವರು ಸಾರಿದ್ದು ಅಂದು. ಆದರೆ ಎರಡೂ ಪಕ್ಷಗಳ ಕಥೆ ಮುಗಿಯುವುದು ಮಾತ್ರ ಒಂದೇ ದಿನ. ಆಗಸ್ಟ್ 30ರ ರಾತ್ರಿ, ಹನ್ನೆರಡು ಹೊಡೆಯಲು ಒಂದು ನಿಮಿಷ ಇರುವಾಗ, ಕೊನೆಯ ವಿಮಾನ ಕಾಬೂಲಿನಿಂದ ಮೇಲೆದ್ದಲ್ಲಿಗೆ. ನಾನು ಈ ಲೇಖನ ಬರೆಯುತ್ತಿರುವುದು ಆಮೇಲೆ ಏನಾಯಿತು ಎಂಬುದಕ್ಕಾಗಿ. ಆದರೂ ಮೊದಲಿನದನ್ನು ಹೇಳದೆ ಆಮೇಲಿನದು ಅರ್ಥವಾಗುವುದಿಲ್ಲ.

ದೋಹಾ ಒಪ್ಪಂದದಲ್ಲಿ ಅಮೆರಿಕ 14 ತಿಂಗಳಲ್ಲಿ ಹೊರಡುವುದಾಗಿ ಒಪ್ಪಿತು. ಅದಕ್ಕೆ ಬದಲಾಗಿ ತಮ್ಮ ನೆಲದಿಂದ ಅಮೆರಿಕದ ಮೇಲೆ ದಾಳಿ ನಡೆಯಲು ಬಿಡುವುದಿಲ್ಲ, ಅಫ್ಘನ್ ಪಕ್ಷಗಳ ಜೊತೆ ಮಾತಿಗೆ ಕೂರುತ್ತೇವೆ ಎಂದು ತಾಲಿಬಾನ್ ಮಾತು ಕೊಟ್ಟಿತು. ಕಾಬೂಲ್ ಸರ್ಕಾರಕ್ಕೆ ಆ ಮೇಜಿನಲ್ಲಿ ಕುರ್ಚಿಯೇ ಇರಲಿಲ್ಲ. ಆದರೆ ಆ ಸರ್ಕಾರದ ಜೈಲುಗಳಲ್ಲಿದ್ದ 5,000 ತಾಲಿಬಾನ್ ಕೈದಿಗಳನ್ನು ಬಿಡಬೇಕೆಂಬ ಮಾತು ಒಪ್ಪಂದದಲ್ಲಿತ್ತು. ಮನೆಯವನನ್ನು ಹೊರಗೆ ನಿಲ್ಲಿಸಿ ಮನೆಯ ಬೀಗದ ಕೈ ಬೇರೆಯವರು ಹಂಚಿಕೊಂಡ ಹಾಗೆ. ಅಂದಿನಿಂದ ಹಳ್ಳಿಹಳ್ಳಿಯ ಅಫ್ಘನ್ ಸಿಪಾಯಿಗೆ ಸುದ್ದಿ ಮುಟ್ಟಿತು: ದೊಡ್ಡವರು ಆಗಲೇ ರಾಜಿಯಾಗಿದ್ದಾರೆ, ನಾನೊಬ್ಬ ಯಾರಿಗಾಗಿ ಸಾಯಲಿ?

ಬೈಡನ್ ಆ ಒಪ್ಪಂದವನ್ನು ಮುರಿಯಬಹುದಿತ್ತು. ಮುರಿಯಲಿಲ್ಲ, ಅವರಿಗೂ ಹೊರಡುವುದೇ ಬೇಕಾಗಿತ್ತು. 2,500 ಸೈನಿಕರನ್ನು ಉಳಿಸಿಕೊಳ್ಳಬೇಕೆಂಬುದೇ ತಮ್ಮ ಅಭಿಪ್ರಾಯವಾಗಿತ್ತು ಎಂದು ಜನರಲ್ ಮಿಲ್ಲಿ, ಜನರಲ್ ಮೆಕೆಂಜಿ ಇಬ್ಬರೂ ಆ ವರ್ಷ ಸೆಪ್ಟೆಂಬರ್ 28ರಂದು ಸೆನೆಟ್ ಸಮಿತಿಯ ಮುಂದೆ ಹೇಳಿದರು. 2,500 ಜನ ಉಳಿದಿದ್ದರೆ ತಾಲಿಬಾನ್ ಸುಮ್ಮನಿರುತ್ತಿತ್ತೇ, ಇಲ್ಲ ಮತ್ತೆ ಯುದ್ಧ ಶುರುವಾಗುತ್ತಿತ್ತೇ? ಇದಕ್ಕೆ ಯಾರ ಹತ್ತಿರವೂ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆ ಆದ್ದರಿಂದಲೇ ರಾಜಕಾರಣಿಗಳಿಗೆ ಅದು ಅಷ್ಟು ಪ್ರಿಯ.

ಉತ್ತರವಿರುವ ಪ್ರಶ್ನೆಯೊಂದಿದೆ. ಮೂರು ಲಕ್ಷ ಸಂಖ್ಯೆಯ, ಅದೂ ಕಾಗದದ ಮೇಲಿನ, ಒಂದು ಸೇನೆ ಹತ್ತು ದಿನದಲ್ಲಿ ಹೇಗೆ ಕರಗಿತು? ಆಗಸ್ಟ್ 6ರಂದು ಬಿದ್ದ ಮೊದಲ ಪ್ರಾಂತೀಯ ರಾಜಧಾನಿ ಜರಂಜ್. ಭಾರತದ ಗಡಿ ರಸ್ತೆ ಸಂಸ್ಥೆ ಜೀವ ತೆತ್ತು ಕಟ್ಟಿಸಿದ ಜರಂಜ್-ದೆಲಾರಾಮ್ ರಸ್ತೆ ಶುರುವಾಗುವುದು ಅಲ್ಲಿಂದಲೇ. ಆಗಸ್ಟ್ 15ರಂದು ಕಾಬೂಲ್. ಅಫ್ಘನ್ ಪುನರ್ನಿರ್ಮಾಣದ ವೆಚ್ಚ ಪರಿಶೀಲಿಸಲು ಅಮೆರಿಕವೇ ನೇಮಿಸಿದ್ದ ವಿಶೇಷ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಈ ಕುಸಿತದ ಕಾರಣಗಳನ್ನು ಹುಡುಕಿತು. ಅದು ಮೊದಲಿಗೆ ಎತ್ತಿ ಹೇಳಿದ್ದು, ಸೈನಿಕರ ಜೊತೆಗೆ ಗುತ್ತಿಗೆ ಕೆಲಸಗಾರರನ್ನೂ ಹಿಂತೆಗೆದ ನಿರ್ಧಾರವನ್ನು. ಸೋವಿಯತ್ ಕಾಲದ ಎಂಐ-17 ಹೆಲಿಕಾಪ್ಟರ್ ರಿಪೇರಿ ಅಫ್ಘನ್ ಮೆಕ್ಯಾನಿಕ್‌ಗಳಿಗೆ ಕರತಲಾಮಲಕವಾಗಿತ್ತು. ಅದನ್ನು ಬಿಡಿಸಿ ಅಮೆರಿಕ ಬ್ಲ್ಯಾಕ್ ಹಾಕ್ ಕೊಟ್ಟಿತು, ಅದರ ರಿಪೇರಿ ಗುತ್ತಿಗೆದಾರರ ಕೈಯಲ್ಲೇ ಉಳಿಯಿತು. ಅವರು ಹೊರಟರು, ಯಂತ್ರ ನಿಂತಿತು. ಯಂತ್ರ ನಿಂತ ಮೇಲೆ ಬೆಟ್ಟದ ನೆತ್ತಿಯ ಠಾಣೆಗೆ ಮದ್ದುಗುಂಡು ಹೋಗಲಿಲ್ಲ, ರೊಟ್ಟಿ ಹೋಗಲಿಲ್ಲ, ಗಾಯಗೊಂಡವರು ಕೆಳಗೆ ಬರಲಿಲ್ಲ. ಇದರ ಜೊತೆ ಅಫ್ಘನ್ ಮೇಲಧಿಕಾರಿಗಳದೇ ಒಂದು ಪಾಲಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಸಿಪಾಯಿಗಳ ಸಂಬಳ ವರ್ಷಗಟ್ಟಲೆ ಯಾರ ಯಾರ ಜೇಬಿಗೋ ಹೋಗುತ್ತಿತ್ತು.

(ಗುತ್ತಿಗೆ ಕೆಲಸಗಾರರು ಎಂದರೆ ಎಲ್ಲರೂ ಅಮೆರಿಕನ್ನರೇ ಎಂದುಕೊಳ್ಳಬೇಡಿ. ಅಡುಗೆ, ಗೋದಾಮು, ವಿದ್ಯುತ್, ಎಸಿ ರಿಪೇರಿ ಅಂತ ನೇಟೋ ನೆಲೆಗಳಲ್ಲಿ ದುಡಿಯುತ್ತಿದ್ದವರಲ್ಲಿ ನಮ್ಮ ದಕ್ಷಿಣ ಕನ್ನಡದವರೂ ಇದ್ದರು. ಆ ಆಗಸ್ಟ್‌ನಲ್ಲಿ ವಿಮಾನ ಹತ್ತಿ ವಾಪಸು ಬಂದವರ ಸುದ್ದಿಯನ್ನು ಕರಾವಳಿಯ ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು.)

ಬೈಡನ್ ಆಗಸ್ಟ್ 16ರ ಭಾಷಣದಲ್ಲಿ, ಅಫ್ಘನ್ನರೇ ತಮಗಾಗಿ ಹೋರಾಡಲು ಒಪ್ಪದ ಯುದ್ಧದಲ್ಲಿ ಅಮೆರಿಕನ್ನರು ಸಾಯಬಾರದು ಎಂಬರ್ಥದ ಮಾತು ಹೇಳಿದರು. ಬ್ರೌನ್ ವಿಶ್ವವಿದ್ಯಾಲಯದವರ ಲೆಕ್ಕದಂತೆ 20 ವರ್ಷಗಳಲ್ಲಿ ಸತ್ತ ಅಫ್ಘನ್ ಸೈನಿಕರು ಮತ್ತು ಪೊಲೀಸರು 66,000ಕ್ಕೂ ಹೆಚ್ಚು. ಅಮೆರಿಕದ ಸೈನಿಕರು ಸುಮಾರು 2,400. ಎಲೆನ್‌ಬರೋ ಬರೆದ ವಾಕ್ಯಕ್ಕೂ ಇದಕ್ಕೂ ಎಷ್ಟು ಅಂತರವಿದೆ, ಓದುಗರೇ ಹೇಳಬೇಕು.

1842ಕ್ಕೆ ಒಮ್ಮೆ ಹಿಂದಿರುಗುತ್ತೇನೆ. ಆ ವರ್ಷ ಜನವರಿ 6ರಂದು ಜನರಲ್ ಎಲ್ಫಿನ್‌ಸ್ಟನ್ನನ ಸೇನೆ ಕಾಬೂಲಿನಿಂದ ಹಿಮದಲ್ಲಿ ಹೊರಟಿತು. ಸೈನಿಕರು ಸುಮಾರು 4,500, ಅವರಲ್ಲಿ ಬಿಳಿಯರು 700 ಮಾತ್ರ. ಹಿಂದೆ ಬಂದ ಶಿಬಿರದ ಜನ ಸುಮಾರು 12,000: ಕುದುರೆಗೆ ಹುಲ್ಲು ತರುವವರು, ಡೋಲಿ ಹೊರುವವರು, ಅಡುಗೆಯವರು, ಹೆಂಗಸರು, ಮಕ್ಕಳು. ಜನವರಿ 13ರಂದು ಜಲಾಲಾಬಾದಿಗೆ ಕುಂಟುವ ಕುದುರೆಯ ಮೇಲೆ ಬಂದ ಡಾಕ್ಟರ್ ಬ್ರೈಡನ್‌ನ ಚಿತ್ರವನ್ನು ಲಂಡನ್ ಮರೆಯಲಿಲ್ಲ. 'ಒಬ್ಬನೇ ಉಳಿದ' ಎಂಬ ಮಾತು ಗಾದೆಯಂತಾಯಿತು. ಆದರೆ ಅದು ನಿಜವಲ್ಲ. ಒತ್ತೆಯಾಳುಗಳಾಗಿ ಬಿಳಿಯ ಅಧಿಕಾರಿಗಳೂ ಹೆಂಗಸರೂ ಉಳಿದಿದ್ದರು. ಹಿಂದೂಸ್ತಾನದ ಜನ ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಉಳಿದಿದ್ದರು. ಕೆಲವರನ್ನು ಗುಲಾಮರಾಗಿ ಮಾರಿದ್ದರು. ಹಿಮಕ್ಕೆ ಕೈಕಾಲು ಕಳೆದುಕೊಂಡ ಸಿಪಾಯಿಗಳು ಕಾಬೂಲಿನ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಜನರಲ್ ಪೊಲಾಕ್ ಸೇಡು ತೀರಿಸಿಕೊಳ್ಳಲು ಮತ್ತೆ ಕಾಬೂಲಿಗೆ ಬಂದ, ಅಲ್ಲಿನ ದೊಡ್ಡ ಬಜಾರನ್ನು ಸಿಡಿಸಿದ, ಒಂದು ತಿಂಗಳೊಳಗೆ ಹೊರಟ. ಬಿಳಿಯ ಒತ್ತೆಯಾಳುಗಳು ಬಿಡುಗಡೆಯಾದರು. ಬೀದಿಯಲ್ಲಿದ್ದ ಸಿಪಾಯಿಗಳಲ್ಲಿ ಕೆಲವರು ಸೇನೆಯ ಜೊತೆ ವಾಪಸಾದರು, ಎಷ್ಟೋ ಜನ ಎರಡನೇ ಸಲವೂ ಅಲ್ಲೇ ಉಳಿದರು.

ತಪ್ಪು ಯಾರದು ಎಂಬ ವಿಚಾರಣೆ ಆಗಲೂ ನಡೆಯಿತು. ಎಲ್ಫಿನ್‌ಸ್ಟನ್ ಸೆರೆಯಲ್ಲೇ ಸತ್ತದ್ದು ಎಲ್ಲರಿಗೂ ಅನುಕೂಲವಾಯಿತು. ಅವನ ಕೈಕೆಳಗಿನ ಬ್ರಿಗೇಡಿಯರ್ ಶೆಲ್ಟನ್ ಕೋರ್ಟ್ ಮಾರ್ಷಲ್ ಎದುರಿಸಿ ಪಾರಾದ. ಎಲೆನ್‌ಬರೋ ಇನ್ನೊಂದು ಉಪಾಯ ಮಾಡಿದ. ಗಜ್ನಿಯಲ್ಲಿ ಮಹಮೂದನ ಗೋರಿಗಿದ್ದ ಮರದ ಬಾಗಿಲುಗಳನ್ನು ಕಿತ್ತು ತರಿಸಿ, ಇವು ಸೋಮನಾಥದಿಂದ ಹೊತ್ತೊಯ್ದ ಬಾಗಿಲುಗಳು, 800 ವರ್ಷದ ಅವಮಾನ ತೀರಿತು ಎಂದು ಹಿಂದೂಸ್ತಾನದ ರಾಜರಿಗೆ ಸಾರಿದ. ಸೋಲಿನ ಮೇಲೆ ಹೊದಿಸಲು ಇದಕ್ಕಿಂತ ಒಳ್ಳೆಯ ಶಾಲು ಸಿಗುತ್ತಿರಲಿಲ್ಲ. ಪಾರ್ಲಿಮೆಂಟಿನಲ್ಲಿ ಮೆಕಾಲೆ ಇದನ್ನು ಹಿಡಿದು ಜಾಡಿಸಿದ. ಬಾಗಿಲು ದೇವದಾರು ಮರದ್ದು, ಕೆತ್ತನೆ ಗುಜರಾತಿನದಲ್ಲ ಎಂದು ಆಮೇಲೆ ಗೊತ್ತಾಯಿತು. ಅವು ಆಗ್ರಾ ಕೋಟೆಯಲ್ಲೇ ಉಳಿದವು. ದೆಹಲಿಯಲ್ಲಿರುವವರು ತಾಜ್ ನೋಡಲು ಹೋದಾಗ ಒಮ್ಮೆ ವಿಚಾರಿಸಿ ನೋಡಬಹುದು.

ಕಾಗದಗಳ ಕಥೆ ಇನ್ನೂ ಸ್ವಾರಸ್ಯದ್ದು. ಕಾಬೂಲಿನಲ್ಲಿದ್ದ ಅಲೆಕ್ಸಾಂಡರ್ ಬರ್ನ್ಸ್, ದೋಸ್ತ್ ಮಹಮ್ಮದನ ಜೊತೆ ಸ್ನೇಹ ಬೆಳೆಸಿ ಎಂದು ಬರೆಯುತ್ತಿದ್ದ. 1839ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಕಡತದಲ್ಲಿ ಅವನ ಪತ್ರಗಳನ್ನು ಕತ್ತರಿಸಿ, ಅವನೂ ಯುದ್ಧವನ್ನೇ ಬಯಸಿದ್ದ ಎಂದು ಕಾಣುವ ಹಾಗೆ ಮಾಡಿದ್ದರು. 1841ರ ನವೆಂಬರ್‌ನಲ್ಲಿ ಗುಂಪು ಅವನನ್ನು ಕಾಬೂಲಿನಲ್ಲಿ ಕೊಂದುಹಾಕಿತು. ಪೂರ್ಣ ಪತ್ರಗಳು ಅಚ್ಚಾದದ್ದು 1859ರಲ್ಲಿ. 1861ರಲ್ಲಿ ಇದರ ತನಿಖೆಯಾಗಲಿ ಎಂದು ಸದನದಲ್ಲಿ ಕೇಳಿದಾಗ, ಯುದ್ಧದ ಕಾಲದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಪಾಮರ್ಸ್ಟನ್ ಈಗ ಪ್ರಧಾನಿ. ತನಿಖೆ ಬೇಡವೆಂದು ತೀರ್ಮಾನವಾಯಿತು.

ಸೋವಿಯತ್ತರದು ಬೇಗ ಹೇಳಬಹುದು. 1989ರ ಫೆಬ್ರವರಿ 15ರಂದು ಜನರಲ್ ಗ್ರೊಮೊವ್ ಅಮು ದರಿಯಾ ಸೇತುವೆ ದಾಟಿದ. ಆ ಡಿಸೆಂಬರ್‌ನಲ್ಲಿ ಸೋವಿಯತ್ ಜನಪ್ರತಿನಿಧಿಗಳ ಕಾಂಗ್ರೆಸ್ಸು, ಸೇನೆ ಕಳಿಸಿದ್ದು ಖಂಡನೀಯ ಎಂದು ನಿರ್ಣಯಿಸಿತು. ಹೊಣೆ ಹೊತ್ತವರು ಬ್ರೆಜ್ನೆವ್, ಉಸ್ತಿನೊವ್, ಆಂದ್ರೊಪೊವ್, ಗ್ರೊಮಿಕೊ. ನಾಲ್ವರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಸೇನೆ ಹೊರಟ ಮೇಲೂ ನಜೀಬುಲ್ಲಾ ಸರ್ಕಾರ ಮೂರು ವರ್ಷ ನಿಂತಿತು. ಬಿದ್ದದ್ದು 1992ರ ಏಪ್ರಿಲ್‌ನಲ್ಲಿ. ಸೋವಿಯತ್ ಒಕ್ಕೂಟ ಒಡೆದು ಇಂಧನ, ಗೋಧಿ, ಹಣ ನಿಂತ ಕೆಲವೇ ತಿಂಗಳಿಗೆ. ನಜೀಬುಲ್ಲಾ ದೆಹಲಿಗೆ ಹಾರಲು ಹೊರಟಾಗ ವಿಮಾನ ನಿಲ್ದಾಣದಲ್ಲಿ ತಡೆದರು. ಅವನ ಹೆಂಡತಿ, ಹೆಣ್ಣುಮಕ್ಕಳು ಮೊದಲೇ ದೆಹಲಿ ಸೇರಿದ್ದರು. ಅವನು ವಿಶ್ವಸಂಸ್ಥೆಯ ಕಚೇರಿಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಅಡಗಿದ್ದು, 1996ರ ಸೆಪ್ಟೆಂಬರ್‌ನಲ್ಲಿ ತಾಲಿಬಾನ್ ಕೈಗೆ ಸಿಕ್ಕಿ ಸತ್ತ.

ಈ ದೇಶದಲ್ಲಿ ಸರ್ಕಾರವನ್ನೂ ಹೊಟ್ಟೆಯನ್ನೂ ನಡೆಸಿದ್ದು ಹೊರಗಿನ ಹಣ. 2021ಕ್ಕೆ ಮೊದಲು ಅಫ್ಘನ್ ಸರ್ಕಾರಿ ಖರ್ಚಿನ ಮುಕ್ಕಾಲು ಪಾಲು ವಿದೇಶಿ ನೆರವಿನಿಂದ ಬರುತ್ತಿತ್ತು ಎಂದು ವಿಶ್ವ ಬ್ಯಾಂಕ್ ಲೆಕ್ಕ ಹಾಕಿತ್ತು. ಮೇಷ್ಟ್ರ ಸಂಬಳ, ದಾದಿಯ ಸಂಬಳ, ಲಸಿಕೆ ಎಲ್ಲ ಅದರಲ್ಲೇ. ಆಗಸ್ಟ್ 15ರ ನಂತರ ಅದು ನಿಂತಿತು. ದೇಶದ ವಿದೇಶಿ ಮೀಸಲು ಸುಮಾರು 900 ಕೋಟಿ ಡಾಲರ್. ಅದರಲ್ಲಿ 700 ಕೋಟಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್‌ನಲ್ಲಿತ್ತು. ಅದಕ್ಕೆ ಬೀಗ ಬಿತ್ತು. ಅಫ್ಘಾನಿ ನೋಟು ಅಚ್ಚಾಗುತ್ತಿದ್ದದ್ದೂ ಹೊರದೇಶದಲ್ಲಿ, ಅದೂ ಬರಲಿಲ್ಲ. ಬ್ಯಾಂಕಿನಿಂದ ವಾರಕ್ಕೆ 200 ಡಾಲರಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ ಎಂದಾಯಿತು. ಬೆಳಗಿನ ಜಾವದಿಂದ ಬ್ಯಾಂಕಿನ ಮುಂದೆ ಸರತಿ ನಿಂತವರು ಬಹುತೇಕ ನಮ್ಮ ನಿಮ್ಮಂಥವರು: ಸಂಬಳ ಖಾತೆ ಇದ್ದವರು, ಕಚೇರಿ ಕೆಲಸದವರು. ಅವರ ಮನೆಯ ರತ್ನಗಂಬಳಿ, ಫ್ರಿಜ್ಜು, ಪಾತ್ರೆ ಕಾಬೂಲಿನ ಸಂತೆ ಮೈದಾನಕ್ಕೆ ಬಂದವು.

ಆ ಚಳಿಗಾಲದಲ್ಲಿ 2.28 ಕೋಟಿ ಜನ, ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ, ತೀವ್ರ ಆಹಾರ ಕೊರತೆ ಎದುರಿಸುತ್ತಾರೆ ಎಂದು ವಿಶ್ವ ಆಹಾರ ಕಾರ್ಯಕ್ರಮ ಎಚ್ಚರಿಸಿತು. ಬರಗಾಲವೂ ಇತ್ತು, ಅದನ್ನು ಮರೆಯಬಾರದು. ಆದರೆ ಆ ವರ್ಷ ಪೇಟೆಯಲ್ಲಿ ಹಿಟ್ಟು ಇತ್ತು. ಕೊಳ್ಳುವವರ ಕೈಯಲ್ಲಿ ದುಡ್ಡಿರಲಿಲ್ಲ. ಬಂಗಾಳದ 1943ರ ಬಗ್ಗೆ ಅಮರ್ತ್ಯ ಸೇನ್ ಬರೆದದ್ದನ್ನು ಓದಿದವರಿಗೆ ಇದರ ಗುರುತು ಹತ್ತುತ್ತದೆ. ಕಾಬೂಲಿನಲ್ಲಿ ಇಂದಿರಾ ಗಾಂಧಿ ಹೆಸರಿನ ಮಕ್ಕಳ ಆಸ್ಪತ್ರೆಯೊಂದಿದೆ. ಅಪೌಷ್ಟಿಕತೆಯ ಮಕ್ಕಳಿಗೆ ಅಲ್ಲಿ ಹಾಸಿಗೆ ಸಾಲದಾಯಿತು. ತಿಂಗಳುಗಟ್ಟಲೆ ಸಂಬಳವಿಲ್ಲದ ದಾದಿಯರು, ವೈದ್ಯರು ಕೆಲಸಕ್ಕೆ ಬರುತ್ತಲೇ ಇದ್ದರು. ಕೊನೆಗೆ ರೆಡ್ ಕ್ರಾಸ್ ಸಮಿತಿ 33 ಆಸ್ಪತ್ರೆಗಳ ಸಿಬ್ಬಂದಿಗೆ ತಾನೇ ಸಂಬಳ ಕೊಡಬೇಕಾಯಿತು. 2023ರಲ್ಲಿ ಹಣ ಸಾಲದೆ ಅದನ್ನೂ ನಿಲ್ಲಿಸಿತು.

ಹಸಿವಿನ ಹೊಣೆ ಪೂರ್ತಿ ವಾಷಿಂಗ್ಟನ್ನಿನದು ಎಂದರೆ ತಾಲಿಬಾನಿಗೆ ಬಹಳ ಖುಷಿಯಾಗುತ್ತದೆ. ಅವರು ಹೇಳುತ್ತ ಬಂದಿರುವುದೂ ಅದನ್ನೇ. ಆದರೆ 2022ರ ಮಾರ್ಚ್ 23ರಂದು ಪ್ರೌಢಶಾಲೆಗೆ ಬಂದ ಹುಡುಗಿಯರನ್ನು ಬಾಗಿಲಿನಿಂದಲೇ ಅಟ್ಟಿದ್ದು ಅಮೆರಿಕವಲ್ಲ. ಆ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಮುಚ್ಚಿಸಿ, ನಾಲ್ಕೇ ದಿನದಲ್ಲಿ ಸ್ವಯಂಸೇವಾ ಸಂಸ್ಥೆಗಳಲ್ಲೂ ಹೆಂಗಸರು ದುಡಿಯಬಾರದು ಎಂದು ಆಜ್ಞೆ ಹೊರಡಿಸಿದ್ದೂ ಅಲ್ಲ. ಗಂಡ ಸತ್ತ ಹೆಂಗಸಿನ ಮನೆಗೆ ಹಿಟ್ಟಿನ ಚೀಲ ಮುಟ್ಟಿಸುವುದು ಹೆಂಗಸರಿಂದಲೇ ಆಗಬೇಕಿದ್ದ ದೇಶದಲ್ಲಿ, ಚಳಿಗಾಲದ ನಡುವೆ, ಅವರನ್ನು ಮನೆಗೆ ಕಳಿಸಿದರು. ನಲವತ್ತು ವರ್ಷದ ಯುದ್ಧದಲ್ಲಿ ಅಂಥ ಮನೆಗಳಿಗೆ ಕೊರತೆಯೇ?

ಆದರೂ ಆ 700 ಕೋಟಿಯ ವಿಷಯ ಬೇರೆ. 2022ರ ಫೆಬ್ರವರಿ 11ರಂದು ಬೈಡನ್ ಅದನ್ನು ಎರಡಾಗಿ ಹಂಚಿದರು. ಅರ್ಧ ಅಫ್ಘನ್ ಜನರ ಹಿತಕ್ಕೆ. ಇನ್ನರ್ಧ, ಸೆಪ್ಟೆಂಬರ್ 11ರ ಸಂತ್ರಸ್ತರ ಕುಟುಂಬಗಳು ಹೂಡಿದ್ದ ದಾವೆಗಳು ಇತ್ಯರ್ಥವಾಗುವವರೆಗೆ ಅಲ್ಲೇ. ಆ ಹಣ ಅಫ್ಘಾನಿಸ್ತಾನದ ಕೇಂದ್ರ ಬ್ಯಾಂಕಿನದು. 2001ರಲ್ಲಿ ಹುಟ್ಟಿರದಿದ್ದ ಮಕ್ಕಳ ಅಪ್ಪ ಅಮ್ಮಂದಿರ ಉಳಿತಾಯದ ಬೆಂಬಲಕ್ಕಿದ್ದದ್ದೂ ಅದೇ. ಆ ದಿನ ತಮ್ಮವರನ್ನು ಕಳೆದುಕೊಂಡ ಕೆಲವು ಅಮೆರಿಕನ್ ಕುಟುಂಬಗಳೇ, ಈ ಹಣ ನಮಗೆ ಬೇಡ, ಇದು ಹಸಿದವರದು ಎಂದವು. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು, ತಾಲಿಬಾನ್ ಕಟ್ಟಬೇಕಾದ ಪರಿಹಾರವನ್ನು ಈ ಹಣದಿಂದ ಕೊಡಲಾಗದು ಎಂದು ತೀರ್ಪಿತ್ತರು. ಮೊದಲ ಅರ್ಧ ಸ್ವಿಟ್ಜರ್ಲೆಂಡಿನ ಒಂದು ನಿಧಿಗೆ ಹೋಯಿತು. 2024ರ ಕೊನೆಗೆ ಬಡ್ಡಿ ಸೇರಿ ಅದು 400 ಕೋಟಿ ಡಾಲರಿನ ಹತ್ತಿರ ಬಂದಿತ್ತು. ಅಲ್ಲಿಂದ ಒಂದು ಡಾಲರೂ ಅಫ್ಘನ್ನರ ಕೈ ಸೇರಿರಲಿಲ್ಲ. ಅಷ್ಟು ದಿನ ದೇಶ ಉಸಿರಾಡಿದ್ದು, ವಿಶ್ವಸಂಸ್ಥೆ ವಿಮಾನದಲ್ಲಿ ಕಾಬೂಲಿಗೆ ಇಳಿಸುತ್ತಿದ್ದ ಡಾಲರ್ ನೋಟಿನ ಕಂತೆಗಳಿಂದ.

ವಿಮಾನ ನಿಲ್ದಾಣದ ಗೇಟಿನ ಸ್ಫೋಟ, ವಿಮಾನದ ಚಕ್ರ ಹಿಡಿದು ಬಿದ್ದವರು, ಆಗಸ್ಟ್ 29ರ ಡ್ರೋನ್ ದಾಳಿಯಲ್ಲಿ ತಪ್ಪಾಗಿ ಕೊಂದ ಒಂದೇ ಮನೆಯ ಹತ್ತು ಜನ, ಅವರಲ್ಲಿ ಏಳು ಮಕ್ಕಳು: ಇವೆಲ್ಲ ವರದಿಗಳಲ್ಲಿವೆ. ಗೊಂದಲದಲ್ಲಿ ಆದದ್ದು ಎನ್ನಬಹುದಾದ ಸಾವುಗಳು ಇವು. ಹಣದ ವಿಷಯದಲ್ಲಿ ಗೊಂದಲವೇನೂ ಇರಲಿಲ್ಲ. ಅದು ಶಾಂತವಾದ ಕೋಣೆಯಲ್ಲಿ, ವಕೀಲರ ಸಲಹೆ ಪಡೆದು, ಸಹಿ ಹಾಕಿ ಆದ ಕೆಲಸ. ಹಾಗಿದ್ದೂ ಪಕ್ಷಗಳ ವರದಿಗಳಲ್ಲಿ ಅದಕ್ಕೆ ಸಿಕ್ಕ ಜಾಗ ಅತಿ ಕಡಿಮೆ. ಆ ವಿಷಯದಲ್ಲಿ ಎರಡೂ ಪಕ್ಷಗಳಿಗೆ ಒಬ್ಬರನ್ನೊಬ್ಬರು ದೂರುವಂಥದ್ದು ಹೆಚ್ಚೇನೂ ಇರಲಿಲ್ಲ.

ನಮ್ಮ ದೇಶದ ಲೆಕ್ಕವನ್ನೂ ಬರೆಯಬೇಕು. 2022ರ ಫೆಬ್ರವರಿಯಲ್ಲಿ ಅಟ್ಟಾರಿ ಗಡಿಯಿಂದ, ಪಾಕಿಸ್ತಾನದ ಮೂಲಕ, ಅಫ್ಘನ್ ಲಾರಿಗಳಲ್ಲಿ ಭಾರತದ ಗೋಧಿ ಹೊರಟಿತು. ಒಟ್ಟು 50,000 ಟನ್ನಿನ ಭರವಸೆ. ದಾರಿ ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು, ಆದರೆ ಗೋಧಿ ಹೋಯಿತು. ಮನುಷ್ಯರ ವಿಷಯದಲ್ಲಿ ನಾವು ಅಷ್ಟು ಉದಾರಿಗಳಾಗಲಿಲ್ಲ. 2021ರ ಆಗಸ್ಟ್ 25ರಂದು, ಭಾರತದ ಹೊರಗಿದ್ದ ಅಫ್ಘನ್ನರಿಗೆ ಅದುವರೆಗೆ ಕೊಟ್ಟಿದ್ದ ಎಲ್ಲ ವೀಸಾಗಳೂ ರದ್ದಾದವು. ಹೊಸದಾಗಿ ಅರ್ಜಿ ಹಾಕಿ ಎಂದರು, ಕೊಟ್ಟದ್ದು ತೀರ ಕಡಿಮೆ. ಕೋವಿಡ್ ರಜೆಗೆಂದು ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು. ಪುಣೆಯಲ್ಲಿ, ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಓದಿದ ನಮ್ಮ ಓದುಗರಿಗೆ ಅವರಲ್ಲಿ ಒಬ್ಬಿಬ್ಬರಾದರೂ ಸಹಪಾಠಿಗಳಾಗಿ ಪರಿಚಯವಿದ್ದಾರು. ಇಲ್ಲೇ ಉಳಿದಿದ್ದವರ ಪಾಡು ಇನ್ನೊಂದು ಬಗೆಯದು. ಅವರ ಪಾಸ್‌ಪೋರ್ಟಿನ ಮೇಲಿದ್ದ ಗಣರಾಜ್ಯ ಈಗ ಇರಲಿಲ್ಲ. ಅದರ ದೆಹಲಿಯ ರಾಯಭಾರ ಕಚೇರಿ 2023ರ ನವೆಂಬರ್‌ನಲ್ಲಿ ಮುಚ್ಚಿತು.

2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಮಂತ್ರಿ ಮುತ್ತಕಿ ದೆಹಲಿಗೆ ಬಂದರು. ಅದೇ ರಾಯಭಾರ ಕಚೇರಿಯಲ್ಲಿ ನಡೆದ ಮೊದಲ ಪತ್ರಿಕಾಗೋಷ್ಠಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಗಲಾಟೆಯಾದ ಮೇಲೆ ಎರಡು ದಿನ ಬಿಟ್ಟು ಮತ್ತೊಂದು ಗೋಷ್ಠಿ ಕರೆದರು. ಪತ್ರಕರ್ತೆಯರು ಮೊದಲ ಸಾಲಿನಲ್ಲಿ ಕೂತು, ನಿಮ್ಮ ದೇಶದ ಹುಡುಗಿಯರು ಯಾವಾಗ ಶಾಲೆಗೆ ಹೋಗುತ್ತಾರೆ ಎಂದು ಕೇಳಿದರು.